ವೈಜಿನಾಥ ನನಗೆ ಏನಾಗಬೇಕು

ಕೆಳಗೇರಿ, ಏಳನೆಯ ಓಣಿ, ಬೀದರ
ಇಳಿಕೆಯ ತೊಂಬತ್ತೊಂದನೆಯ ದಿನ, ೨೧೬೧

ಮುತ್ತಜ್ಜನ ತಮ್ಮನಾದ ಸಿದ್ರಾಮನಿಗೆ,

ಮೇಲಿನ ತಾರೀಖು ನೋಡಿ ಯಾರೋ ಚೇಷ್ಟೆ ಮಾಡಿದ್ದಾರೆ ಎಂದು ಕಾಗದ ಮಡಚಿ ಎಸೆಯಬೇಡ. ನಾನು ನಿನ್ನ ಅಣ್ಣನ ಮರಿಮಗ, ಹೆಸರು ಘಾಳೆಪ್ಪ. ನೀನು ಈಗ ಇರುವ ಇಸವಿಗೆ ನೂರ ಮೂವತ್ತೈದು ವರ್ಷ ಕೂಡಿಸಿದರೆ ನಾನು ಸಿಗುತ್ತೇನೆ. ನಂಟಿನಲ್ಲಿ ನೀನು ನನಗೆ ಹಿರಿಯ, ನಾನು ನಿನ್ನ ಕಾಲಿಗೆ ಬೀಳಬೇಕಾದವನು. ಆದರೆ ನಿನಗೆ ಇನ್ನೂ ಇಪ್ಪತ್ತೊಂಬತ್ತು, ನನಗೆ ಎಪ್ಪತ್ತೊಂಬತ್ತು. ಮೊದಲು ‘ನೀವು’ ಎಂದು ಬರೆದೆ, ಹೊಡೆದುಹಾಕಿದೆ. ಮತ್ತೆ ಬರೆದೆ, ಮತ್ತೆ ಹೊಡೆದುಹಾಕಿದೆ. ಮೊಮ್ಮಗನ ವಯಸ್ಸಿನವನಿಗೆ ‘ನೀವು’ ಎನ್ನಲು ನನ್ನ ಕೈ ಬರುತ್ತಿಲ್ಲ, ಸಿಟ್ಟಾಗಬೇಡ. ನಡುನಡುವೆ ನಿನಗೆ ತಿಳಿಯದ ಮಾತು ಬಂದರೂ ಕ್ಷಮಿಸು. ನೂರು ವರ್ಷದಲ್ಲಿ ಭಾಷೆ ಸುಮ್ಮನೆ ಕೂತಿರುವುದಿಲ್ಲ. ಇಂಥ ಕಾಗದಕ್ಕೆ ನಮ್ಮಲ್ಲಿ ಹಿಂದೋಲೆ ಅನ್ನುತ್ತೇವೆ. ಸತ್ತುಹೋದ ಹಿರಿಯರಿಗೆ ಬರೆದು ಹಳೆಯ ಸುರಂಗ ಬಾವಿಯ ಗೂಡಿನಲ್ಲಿ ಇಡುತ್ತಾರೆ. ಶಾಲೆಯಲ್ಲಿ ಮಕ್ಕಳಿಂದ ಬರೆಸುತ್ತಾರೆ, ಮಕ್ಕಳು ‘ಅಜ್ಜಿ, ನಿನ್ನ ಕಾಲದಲ್ಲಿ ಮಾವಿನಹಣ್ಣು ಬುಟ್ಟಿಗಟ್ಟಲೆ ಇತ್ತಂತೆ, ನಿಜವಾ?’ ಎಂದು ಬರೆಯುತ್ತವೆ. ನಾನು ಇಷ್ಟು ವರ್ಷ ಇದನ್ನೆಲ್ಲ ನೋಡಿ ನಗುತ್ತಿದ್ದವನು. ಇವತ್ತು ನಾನೇ ಬರೆಯುತ್ತಾ ಕೂತಿದ್ದೇನೆ, ನಗುವವರು ನಗಲಿ.

ನಮ್ಮ ಬದುಕು ಹೇಗಿದೆ ಎಂದು ನಾಲ್ಕು ಮಾತು ಹೇಳದಿದ್ದರೆ ಮುಂದಿನದು ನಿನಗೆ ಅರ್ಥವಾಗುವುದಿಲ್ಲ. ವರ್ಷದಲ್ಲಿ ನಾಲ್ಕು ತಿಂಗಳು ಬೀದರದ ನೆಲದ ಮೇಲೆ ಮನುಷ್ಯ ಇರಲಾಗುವುದಿಲ್ಲ. ಹೋಳಿ ಮುಗಿದ ವಾರಕ್ಕೆ ಬಿಸಿಲುಗಂಟೆ ಹೊಡೆಯುತ್ತದೆ, ನಾವೆಲ್ಲ ಹಾಸಿಗೆ, ಕುಳ್ಳು, ಆಡು, ಮುದುಕರು, ಮಕ್ಕಳು ಸಮೇತ ಕೆಂಪುಕಲ್ಲಿನೊಳಗೆ ಕೊರೆದ ಓಣಿಗಳಿಗೆ ಇಳಿಯುತ್ತೇವೆ. ಅದಕ್ಕೆ ಇಳಿಕೆ ಅನ್ನುತ್ತೇವೆ. ಮಳೆ ಬಿದ್ದ ಮೇಲೆ ಹತ್ತಿ ಹೋಗುವುದು ಏರಿಕೆ, ನನ್ನಂಥ ಕೆಲವರು ಮಾತ್ರ ವರ್ಷವಿಡೀ ಕೆಳಗೇ ಉಳಿಯುತ್ತೇವೆ. ಈ ಕೆಂಪುಕಲ್ಲು ನಿನಗೂ ಗೊತ್ತು, ನಿನ್ನ ಮನೆಯ ಗೋಡೆಯೂ ಅದೇ ಇದ್ದೀತು. ಕೊರೆಯುವಾಗ ಬೆಣ್ಣೆ, ಗಾಳಿ ತಾಕಿದ ಮೇಲೆ ಕಬ್ಬಿಣ. ನಾನು ಐವತ್ತು ವರ್ಷ ಗಾಳಿಬಾವಿ ಕಾಯುವ ಕೆಲಸ ಮಾಡಿದೆ. ಓಣಿಗೆ ಗಾಳಿ ಇಳಿಯುವ ಕೊಳವೆಗಳಲ್ಲಿ ದೂಳು ತೆಗೆಯುವುದು, ಲಾವಂಚದ ಚಾಪೆ ತೋಯಿಸಿ ಕಟ್ಟುವುದು, ಗಾಳಿ ಕಟ್ಟಿತು ಎಂದು ಹೆಂಗಸರು ಬೈದರೆ ಬೈಸಿಕೊಳ್ಳುವುದು. ವೈಜಿನಾಥ ನೆರಳು ಹೊಲಿಯುತ್ತಿದ್ದ. ಮೇಲಿನ ಊರಿನಲ್ಲಿ ಬೀದಿಯ ಈ ತುದಿಯಿಂದ ಆ ತುದಿಗೆ ಕಟ್ಟುವ ದೊಡ್ಡ ಬಟ್ಟೆಗೆ ನಾವು ನೆರಳು ಅಂತಲೇ ಕರೆಯುತ್ತೇವೆ. ಅವನು ಹೊಲಿದ ನೆರಳಿನಡಿಯಲ್ಲಿ ಅರ್ಧ ಬೀದರ ನಡೆದಾಡಿದೆ. ಹೊಲಿಗೆ ಹಾಕುವಾಗ ಹಲ್ಲಿನಲ್ಲಿ ದಾರ ಕಚ್ಚಿಕೊಂಡೇ ಮಾತಾಡುತ್ತಿದ್ದ, ಅರ್ಧ ಮಾತು ಯಾರಿಗೂ ತಿಳಿಯುತ್ತಿರಲಿಲ್ಲ. ನನಗೆ ತಿಳಿಯುತ್ತಿತ್ತು.

ಇನ್ನು ನಂಟುಗೋಡೆಯ ವಿಷಯ. ಪ್ರತಿ ಓಣಿಯ ಬಾಯಲ್ಲಿ ಒಂದು ಕಲ್ಲಿನ ಗೋಡೆ ಇದೆ. ಯಾರಾದರೂ ತೀರಿಕೊಂಡರೆ ಮಣ್ಣು ಮಾಡಿ ಬಂದ ದಿನವೇ ಅವರ ಹತ್ತಿರದ ಒಬ್ಬರು ಆ ಗೋಡೆಯ ಮುಂದೆ ನಿಲ್ಲಬೇಕು. ಓಣಿಯ ಕೇಳುವವರು ಎಂದು ಒಬ್ಬರಿರುತ್ತಾರೆ, ಅವರು ಎಲ್ಲರೆದುರು ಒಂದೇ ಪ್ರಶ್ನೆ ಕೇಳುತ್ತಾರೆ: ‘ತೀರಿಕೊಂಡವರು ನಿಮಗೆ ಏನಾಗಬೇಕು?’ ನಿನ್ನ ಕಾಲದಲ್ಲೂ ಜನ ಹೀಗೇ ಕೇಳುತ್ತಿದ್ದರಂತೆ, ಬಸ್ಸಿನಲ್ಲಿ, ಮದುವೆ ಮನೆಯಲ್ಲಿ. ಏನಾಗಿದ್ದಾರೆ ಎಂದು ಕೇಳುವುದಿಲ್ಲ ನೋಡು, ಏನಾಗಬೇಕು ಎಂದು ಕೇಳುತ್ತೇವೆ. ನಂಟು ಇನ್ನೂ ಆಗುವುದು ಬಾಕಿ ಇದ್ದ ಹಾಗೆ. ನಿಂತವರು ಒಂದು ಮಾತು ಹೇಳುತ್ತಾರೆ, ತಾಯಿ, ಅಣ್ಣ, ಸೊಸೆ, ಏನೋ ಒಂದು. ಅದನ್ನು ಮೊದಲು ಸುಣ್ಣದಲ್ಲಿ ಬರೆಯುತ್ತಾರೆ. ಸುಣ್ಣ ಮಾಸುತ್ತದೆ, ಆದ್ದರಿಂದ ತಿಂಗಳಿಗೊಮ್ಮೆ ನಿಂತವರೇ ಬಂದು ತಮ್ಮ ಕೈಯಿಂದ ಅದರ ಮೇಲೆ ತಿದ್ದಬೇಕು. ವರ್ಷ ತುಂಬಿದ ದಿನ ಕಲ್ಲುಕುಟಿಗ ಬರುತ್ತಾನೆ, ಕೇಳುವವರು ಕೊನೆಯ ಸಲ ಅದೇ ಪ್ರಶ್ನೆ ಕೇಳುತ್ತಾರೆ, ಆಮೇಲೆ ಉಳಿ ಬೀಳುತ್ತದೆ. ಕೆತ್ತಿದ ಮೇಲೆ ಬದಲಿಲ್ಲ. ವೈಜಿನಾಥ ತೀರಿಕೊಂಡು ಇವತ್ತಿಗೆ ವರ್ಷ. ಮಧ್ಯಾಹ್ನ ಮೂರಕ್ಕೆ ಕಲ್ಲುಕುಟಿಗ ಬರುತ್ತಾನೆ. ಈಗ ಬೆಳಗಿನ ಹತ್ತು ಗಂಟೆ. ಗೋಡೆಯ ಮೇಲೆ ಸುಣ್ಣದಲ್ಲಿ ತಪ್ಪು ಮಾತು ಇದೆ, ಬರೆಸಿದವನು ನಾನು.

ಇದನ್ನು ನಿನಗೇ ಯಾಕೆ ಬರೆಯುತ್ತಿದ್ದೇನೆ ಅಂದರೆ, ನಮ್ಮ ಮನೆಯಲ್ಲಿ ನಿನ್ನದೊಂದು ಫೋಟೋ ಉಳಿದಿದೆ. ಯಾವುದೋ ಸ್ಟುಡಿಯೋದಲ್ಲಿ ತೆಗೆಸಿದ್ದು, ಹಿಂದೆ ಬಣ್ಣದ ಪರದೆಯ ಮೇಲೆ ಒಂದು ಕೆರೆ, ಎರಡು ಹಂಸ. ನೀನು ಕುರ್ಚಿಯಲ್ಲಿ ಕೂತಿದ್ದೀಯ. ಪಕ್ಕದಲ್ಲಿ ದಪ್ಪ ಮೀಸೆಯ ಇನ್ನೊಬ್ಬ, ಕುರ್ಚಿಯ ತೋಳಿನ ಮೇಲೆ ಕೂತು ನಗು ತಡೆದುಕೊಂಡಿದ್ದಾನೆ. ಹಿಂಬದಿಯಲ್ಲಿ ನೀಲಿ ಮಸಿಯಲ್ಲಿ ಬರೆದಿದೆ: ‘ಸಿದ್ರಾಮ, ಗೆಳೆಯನ ಜೊತೆ, ೨೦೨೬.’ ನಮ್ಮ ಮನೆತನದಲ್ಲಿ ನಿನ್ನ ಬಗ್ಗೆ ಉಳಿದ ಮಾತು ಒಂದೇ, ‘ಅವ ಲಗ್ನ ಆಗ್ಲಿಲ್ಲ’. ವೈಜಿನಾಥನಿಗೆ ಈ ಫೋಟೋ ಅಂದರೆ ಪ್ರಾಣ. ಮೊದಲ ಸಲ ಕೈಗೆ ಕೊಟ್ಟಾಗಲೇ ಮುಖಕ್ಕೆ ಹತ್ತಿರ ಹಿಡಿದು ನೋಡಿದ. ‘ಏ ಘಾಳ್ಯಾ, ಇವೆರಡೂ ಒಂದೇ ಥಾನಿನ ಅರಿವಿ ಅಂಗಿ. ಒಬ್ಬ ಟೇಲರ್ ಒಂದೇ ದಿನ ಹೊಲದಾನ. ನೋಡಿಲ್ಲಿ, ಇವನ ಅಂಗಿ ಕಿಸೆಗಿ ಅವನ ಅಂಗಿದು ಉಳದ ಚೂರು ಹಚ್ಯಾರ, ಪಟ್ಟಿ ಅಡ್ಡ ಬಂದದ’ ಎಂದ. ನೂರು ವರ್ಷ ನಮ್ಮ ಮನೆಯವರು ಯಾರೂ ಕಾಣದ್ದನ್ನು ಹೊಲಿಗೆಯವನು ಒಂದು ಗಳಿಗೆಯಲ್ಲಿ ಕಂಡ. ಆಮೇಲೆ ಕೇಳಿದ, ‘ಇವನ ಹೆಸರೇನು?’ ಗೊತ್ತಿಲ್ಲ ಎಂದೆ. ‘ಥೂ, ಅದೊಂದು ಬರದಿಟ್ಟಿದ್ರ ಏನ್ ಗಂಟು ಹೋಗ್ತಿತ್ತು ಇವ್ರದು’ ಎಂದು ನಿನ್ನನ್ನು ಬೈದ. ನಿನ್ನನ್ನು ಬೈದನೋ, ನನ್ನನ್ನು ಬೈದನೋ, ಆಗ ನಾನು ಯೋಚಿಸಲಿಲ್ಲ.

ನಾವು ಕೂಡಿದ್ದು ನನಗೆ ಮೂವತ್ತೇಳು, ಅವನಿಗೆ ಮೂವತ್ತನಾಲ್ಕು ಇದ್ದಾಗ. ಗಾಳಿಬಾವಿಗೆ ಹೊಸ ಮುಸುಕು ಬೇಕಾಗಿತ್ತು, ಅಳತೆ ತೆಗೆಯಲು ಬಂದ. ಅಳತೆ ಮೂರು ಸಲ ತೆಗೆದ. ನಾಲ್ಕನೆಯ ಸಲ ಬಂದಾಗ, ‘ಬಾವಿ ದಿನಾ ದೊಡ್ಡದಾಗ್ಲತ್ತದೇನು?’ ಎಂದು ನಾನು ಕೇಳಿದೆ. ‘ಇಲ್ಲ, ನನಗ ಲೆಕ್ಕ ಬರಾಂಗಿಲ್ಲ’ ಎಂದು ನಕ್ಕ. ಹೀಗೆ ಶುರುವಾಯಿತು. ಕೆಳಗೇರಿಯಲ್ಲಿ ಅಕ್ಕಪಕ್ಕದ ಎರಡು ಮನೆ ಹಿಡಿದೆವು, ಓಣಿಗೆ ಎರಡು ಬಾಗಿಲು. ನಡುವಿನ ಗೋಡೆಯಲ್ಲಿ ನಾನೇ ಒಂದು ಒಳಬಾಗಿಲು ಕೊರೆದೆ, ಅದರ ಮುಂದೆ ಜೋಳದ ಗಡಿಗೆಗಳನ್ನು ಸಾಲಾಗಿ ಇಟ್ಟೆ. ಯಾರಾದರೂ ಬಂದರೆ ಗಡಿಗೆ ಕಾಣಬೇಕು, ಬಾಗಿಲು ಕಾಣಬಾರದು. ದಿನಾ ಸಂಜೆ ಗಡಿಗೆ ಸರಿಸುವುದು, ಬೆಳಗ್ಗೆ ಮತ್ತೆ ಇಡುವುದು. ನಲವತ್ತೊಂದು ವರ್ಷ ಹೀಗೇ ನಡೆಯಿತು. ವೈಜಿನಾಥ ಒಂದು ಸಲವೂ ನೆಟ್ಟಗೆ ಜಗಳ ತೆಗೆಯಲಿಲ್ಲ, ಗಡಿಗೆ ಎತ್ತುವಾಗ ಮಾತ್ರ, ‘ಸೊಂಟ ಹೋಗ್ಲತ್ತದ ಮಾರಾಯ, ಸ್ವಲ್ಪ ಸಣ್ಣ ಗಡಗಿಯರೆ ತರಬಾರದಿತ್ತಾ’ ಎನ್ನುತ್ತಿದ್ದ.

ನಿನಗೆ ಇಲ್ಲಿ ಸೋಜಿಗವಾದೀತು. ನಿನ್ನ ಕಾಲದಲ್ಲಿ ಗಂಡಸು ಗಂಡಸು ಲಗ್ನ ಬರೆಸಲು ಆಗುತ್ತಿರಲಿಲ್ಲ, ಗೊತ್ತು. ಇನ್ನು ನೂರು ವರ್ಷಕ್ಕೆ ಎಲ್ಲ ಸರಿಹೋದೀತು ಎಂದು ಆ ಸ್ಟುಡಿಯೋದಲ್ಲಿ ಕೂತು ನೀವಿಬ್ಬರೂ ಅಂದುಕೊಂಡಿದ್ದರೂ ಅಂದುಕೊಂಡಿರಬಹುದು. ಸರಿಹೋಯಿತು ಮಾರಾಯ. ನನ್ನಪ್ಪ ಹುಟ್ಟುವ ಮೊದಲೇ ಕಾಯಿದೆ ಬಂತು. ನಮ್ಮ ಓಣಿಯಲ್ಲೇ ಆರೇಳು ಜೋಡಿ ಇದ್ದಾರೆ, ಹಬ್ಬಕ್ಕೆ ಹೋಳಿಗೆ ಹಂಚುತ್ತಾರೆ, ನಲ್ಲಿಯ ಹತ್ತಿರ ಎಲ್ಲರ ಹಾಗೆ ಜಗಳವಾಡುತ್ತಾರೆ. ನನ್ನನ್ನು ಯಾರೂ ಹೆದರಿಸಲಿಲ್ಲ, ಹೊಡೆಯಲಿಲ್ಲ. ಆಗಿದ್ದು ಇಷ್ಟೇ. ನನಗೆ ಹತ್ತೊಂಬತ್ತು ಇದ್ದಾಗ ಎದುರು ಮನೆಯಲ್ಲಿ ಇಬ್ಬರು ಹುಡುಗರ ಲಗ್ನದ ಊಟ. ಅಪ್ಪ ಉಂಡು ಬಂದು, ಎಲೆಯಡಿಕೆ ಹಾಕಿಕೊಳ್ಳುತ್ತಾ, ಬಹಳ ಮೆತ್ತಗೆ, ‘ಅವ್ರು ಬೇಕಾದ್ದು ಮಾಡ್ಕೊಳ್ಲಿ, ನಮ್ಮ ಮನ್ಯಾಗ ಬ್ಯಾಡ’ ಎಂದ. ಆ ಒಂದು ಮಾತು ನನ್ನೊಳಗೆ ಹೋಗಿ ಕೂತಿತು. ಅಪ್ಪ ಸತ್ತ, ಅವ್ವ ಸತ್ತಳು, ಆ ಮನೆಯೇ ಕುಸಿದು ಮಣ್ಣಾಯಿತು. ನನಗೆ ಮಾತ್ರ ಅವನು ಆ ಮಾತು ನಿನ್ನೆ ಹೇಳಿದ ಹಾಗೆ ಇತ್ತು. ಲಗ್ನ ಬರೆಸೋಣವೇ ಎಂದು ವೈಜಿನಾಥ ಕೇಳಿದಾಗಲೆಲ್ಲ ಮುಂದಿನ ಏರಿಕೆಗೆ ನೋಡೋಣ ಎನ್ನುತ್ತಿದ್ದೆ. ಇಂಥ ಅಂಜುಬುರುಕ ನಿನ್ನ ವಂಶದಲ್ಲಿ ಹುಟ್ಟಿದ್ದಕ್ಕೆ ನಿನ್ನ ಕ್ಷಮೆ ಕೇಳುತ್ತೇನೆ.

ವೈಜಿನಾಥ ನನ್ನ ಬಗ್ಗೆ ಬೇರೆಯವರ ಹತ್ತಿರ ಮಾತಾಡುವಾಗ ‘ನಮ್ಮವರು’ ಎನ್ನುತ್ತಿದ್ದ. ಹೆಂಗಸರು ಗಂಡನ ಹೆಸರು ಹೇಳದೆ ನಮ್ಮವರು ಎನ್ನುವುದಿಲ್ಲವೇ, ಅದೇ ರಾಗದಲ್ಲಿ. ‘ನಮ್ಮವರಿಗೆ ಮೆಂತ್ಯಾ ಸೇರಾಂಗಿಲ್ರಿ’, ‘ನಮ್ಮವರಿಗೆ ಸಿಟ್ಟು ಮೂಗಿನ ಮ್ಯಾಲೇ’. ಕೇಳಿದಾಗ ನನಗೆ ಒಳಗೊಳಗೆ ಹಿಗ್ಗು. ಹೊರಗೆ ನಾನು ಅವನನ್ನು ‘ಬಾಜೂಮನಿ ಟೇಲರು’ ಎನ್ನುತ್ತಿದ್ದೆ. ಆದರೆ ಅವನ ಆ ಮಾತು ನಾನು ಸಹಿಸಿಕೊಂಡಿದ್ದಕ್ಕೆ ಬೇರೆ ಕಾರಣವೂ ಇತ್ತು, ಅದನ್ನು ನಿನ್ನೆದುರು ಮುಚ್ಚಿಡುವುದಿಲ್ಲ. ನಮ್ಮವರು ಎಂದರೆ ಗಂಡ ಅಂತಲೂ ಆಯಿತು, ನಮ್ಮ ಕಡೆಯ ಮಂದಿ, ಬಂಧು ಬಳಗ ಅಂತಲೂ ಆಯಿತು. ಕೇಳುವವರು ತಮಗೆ ಬೇಕಾದ ಹಾಗೆ ತಿಳಿದುಕೊಳ್ಳಬಹುದು. ಅವನು ಒಂದು ಅರ್ಥದಲ್ಲಿ ಹೇಳುತ್ತಿದ್ದ. ನಾನು ಇನ್ನೊಂದು ಅರ್ಥದ ಹಿಂದೆ ಅಡಗಿ ಕೂರುತ್ತಿದ್ದೆ.

ಎಪ್ಪತ್ತು ದಾಟಿದ ಮೇಲೆ ಅವನಿಗೆ ಮರೆವು ಹತ್ತಿತು. ಮೊದಲು ಸೂಜಿ ಎಲ್ಲಿಟ್ಟೆ ಎಂದು ಹುಡುಕುತ್ತಿದ್ದ, ಆಮೇಲೆ ಸೂಜಿ ಕೈಯಲ್ಲಿ ಹಿಡಿದು ಇದು ಏನು ಎಂದು ಹುಡುಕತೊಡಗಿದ. ದಾರ ಹಲ್ಲಿನಲ್ಲಿ ಕಚ್ಚುವುದು ಮಾತ್ರ ಮರೆಯಲಿಲ್ಲ, ದಾರ ಇಲ್ಲದಿದ್ದರೂ ಕಚ್ಚುತ್ತಿದ್ದ. ಮರೆವಿನ ಜೊತೆ ಅವನ ಎಚ್ಚರಿಕೆಯೂ ಹೋಯಿತು. ಅಷ್ಟು ವರ್ಷ ನನಗೋಸ್ಕರ ಹಿಡಿದಿಟ್ಟುಕೊಂಡಿದ್ದನೋ ಏನೋ, ಈಗ ಓಣಿಯಲ್ಲಿ ನಿಂತು ದೊಡ್ಡ ದನಿಯಲ್ಲಿ ಕೂಗುತ್ತಿದ್ದ, ‘ಯಾರರೆ ನಮ್ಮವರನ್ನ ನೋಡೀರೇನ್ರಿ? ಮುಂಜಾನಿಂದ ಉಂಡಿಲ್ಲ ಅವ್ರು!’ ನಾನು ಓಡಿ ಬಂದು ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಹೋಗುತ್ತಿದ್ದೆ. ‘ಸುಮ್ನಿರು, ಮಂದಿ ಕೇಳ್ತಾರ’ ಎನ್ನುತ್ತಿದ್ದೆ. ಮಂದಿ ಕೇಳಿದರೆ ಏನಾಗುತ್ತಿತ್ತು? ಏನೂ ಆಗುತ್ತಿರಲಿಲ್ಲ.

ಈಗ ಬರೆಯಬೇಕಾದದ್ದು ಬರೆದುಬಿಡುತ್ತೇನೆ. ಹೋದ ವರ್ಷಕ್ಕಿಂತ ಹಿಂದಿನ ಇಳಿಕೆ. ನೀರಿನ ಸಾಲಿನಲ್ಲಿ ನಿಂತಿದ್ದೆವು, ನನ್ನ ಮುಂದೆ ಇಪ್ಪತ್ತು ಮಂದಿ, ಹಿಂದೆ ಮೂವತ್ತು. ವೈಜಿನಾಥ ನನ್ನ ಪಕ್ಕದಲ್ಲಿ ಕೊಡ ಹಿಡಿದು ನಿಂತವನು ಇದ್ದಕ್ಕಿದ್ದ ಹಾಗೆ ನನ್ನ ಕಡೆ ತಿರುಗಿದ. ಕಣ್ಣಿನಲ್ಲಿ ಗುರುತೇ ಇಲ್ಲ. ಬಹಳ ಮರ್ಯಾದೆಯಿಂದ, ‘ನೀವು ಯಾರ್ರಿ? ಎಲ್ಲೋ ನೋಡೀನಿ. ನಮ್ಮವರಿಗೆ ಏನಾಗ್ಬೇಕ್ರಿ ನೀವು?’ ಎಂದು ಕೇಳಿದ. ಐವತ್ತು ಮಂದಿಯ ಕಿವಿ ನಮ್ಮ ಕಡೆಯೇ ಇದ್ದವು ಎಂದು ನನಗನ್ನಿಸಿತು. ‘ನಾನೇ ನಿಮ್ಮವರು’ ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು? ‘ನಾ ಬಾಜೂಮನಿಯವ’ ಎಂದೆ. ಅವನು ಅದನ್ನು ನಂಬಿದ. ಎಲ್ಲವನ್ನೂ ಮರೆಯುತ್ತಿದ್ದವನು ಆ ಒಂದು ಮಾತನ್ನು ಮರೆಯಲಿಲ್ಲ ನೋಡು.

ಅವತ್ತಿನಿಂದ ನಾನು ಅವನಿಗೆ ಬಾಜೂಮನಿಯವನೇ ಆದೆ. ಎಷ್ಟು ಸಲ ತಿದ್ದಲು ನೋಡಿದೆ! ಮನೆಯೊಳಗೆ, ಬಾಗಿಲು ಹಾಕಿಕೊಂಡು, ಕೈ ಹಿಡಿದು, ‘ವೈಜ್ಯಾ, ನಾನೋ, ಘಾಳ್ಯಾ’ ಎಂದೆ. ಮೆಲ್ಲಗೆ ಕೈ ಬಿಡಿಸಿಕೊಂಡ. ‘ನಮ್ಮವರು ನೋಡಿದ್ರ ಬ್ಯಾಸರ ಮಾಡ್ಕೋತಾರ್ರಿ’ ಎಂದ. ಹನ್ನೊಂದು ತಿಂಗಳು ಉಣಿಸಿದೆ, ಮೀಯಿಸಿದೆ, ಬೆನ್ನು ಒರೆಸಿದೆ. ಪ್ರತಿಯೊಂದಕ್ಕೂ ಉಪಕಾರ ಹೇಳುತ್ತಿದ್ದ. ‘ನಮ್ಮ ಬಾಜೂಮನಿಯವ್ರು ಭಾಳ ಚಲೋ ಮಂದಿ’ ಎಂದು ಬಂದವರಿಗೆಲ್ಲ ಹೊಗಳುತ್ತಿದ್ದ. ಯಾರಾದರೂ ನನ್ನ ಮುಖಕ್ಕೆ ಉಗುಳಿದ್ದರೆ ಅಷ್ಟು ನೋಯುತ್ತಿರಲಿಲ್ಲ. ಕೊನೆಯ ದಿನ, ಉಸಿರು ಮೇಲೆ ಹತ್ತಿದ ಮೇಲೆ, ನನ್ನನ್ನು ಹತ್ತಿರ ಕರೆದ. ‘ಬಾಜೂಮನಿಯವ್ರೇ, ಒಂದು ಕೆಲಸ ಮಾಡ್ರಿ. ನಮ್ಮವರು ಬಂದ್ರ ಹೇಳ್ರಿ, ಒಳಬಾಗಿಲ ಹಾಕಿಲ್ಲ ಅಂತ.’ ಹೇಳ್ತೀನಿ ಎಂದೆ. ಅಷ್ಟೇ ಅವನ ಕೊನೆಯ ಮಾತು.

ಮಣ್ಣು ಮಾಡಿ ಬಂದು ಗೋಡೆಯ ಮುಂದೆ ನಿಂತೆ. ನಮ್ಮ ಓಣಿಯ ಕೇಳುವವಳು ತಸ್ನೀಮ್, ಐವತ್ತರ ಹೆಂಗಸು, ಒಳ್ಳೆಯವಳು. ವೈಜಿನಾಥನ ತಂಗಿ ಮಹಾನಂದಾ ಒಂಬತ್ತನೆಯ ಓಣಿಯಿಂದ ಬಂದು ಮೂಲೆಯಲ್ಲಿ ಸೆರಗು ಬಾಯಿಗಿಟ್ಟು ನಿಂತಿದ್ದಳು. ‘ವೈಜಿನಾಥಣ್ಣ ನಿಮಗ ಏನಾಗಬೇಕು?’ ಎಂದು ತಸ್ನೀಮ್ ಕೇಳಿದಳು. ನಾನು ಅವನದೇ ಮಾತು ತೆಗೆದುಕೊಂಡೆ, ‘ನಮ್ಮವರು’ ಎಂದೆ. ಅಂತೂ ಹೇಳಿಬಿಟ್ಟೆ ಎಂದುಕೊಂಡೆ. ತಸ್ನೀಮ್ ಸುಣ್ಣದ ಕುಂಚ ಹಿಡಿದು ತಡೆದಳು. ನಮ್ಮವರು ಎಂದು ಗೋಡೆಯ ಮೇಲೆ ಬರೆಯಲಾಗುವುದಿಲ್ಲ, ಓಣಿಯ ಸತ್ತವರೆಲ್ಲ ನಮ್ಮವರೇ. ‘ನಮ್ಮವರು ಅಂದ್ರ... ಸಂಬಂಧಿಕರಾ, ಅಣ್ಣಾ?’ ಎಂದಳು. ನನ್ನ ಮುಖವನ್ನೇ ನೋಡುತ್ತಿದ್ದಳು, ಬೇಕಾದಷ್ಟು ಹೊತ್ತು ಕೊಟ್ಟಳು. ನಾನು ತಲೆ ಆಡಿಸಿದೆ, ಹೌದು ಎಂದು. ‘ವೈಜಿನಾಥ, ಘಾಳೆಪ್ಪನ ಸಂಬಂಧಿಕ.’ ಸುಣ್ಣದಲ್ಲಿ ಹಾಗೆ ಬಂತು. ಎರಡು ಅರ್ಥದ ಮಾತನ್ನು ನಾನು ಆರಿಸಿದ್ದೇ ಬೇಕಾದರೆ ಜಾರಿಕೊಳ್ಳಲಿಕ್ಕೆ, ಜಾರಿಕೊಂಡೆ. ಅವನು ನಲವತ್ತೊಂದು ವರ್ಷ ಪ್ರೀತಿಯಿಂದ ಆಡಿದ ಮಾತನ್ನು ನಾನು ತಪ್ಪಿಸಿಕೊಳ್ಳುವ ದಾರಿ ಮಾಡಿಕೊಂಡೆ.

ಅದಾದ ಮೇಲೆ ತಿಂಗಳಿಗೊಮ್ಮೆ ಹೋಗಿ ಸುಣ್ಣ ತಿದ್ದಿದ್ದೇನೆ. ಒಂದೊಂದು ಸಲ ಹೋಗುವಾಗಲೂ ಇವತ್ತು ಬದಲಾಯಿಸುತ್ತೇನೆ ಎಂದೇ ಹೊರಡುತ್ತಿದ್ದೆ. ಬದಲಾಯಿಸಬೇಕಾದರೆ ಸುಮ್ಮನೆ ಬರೆದು ಬರುವಂತಿಲ್ಲ, ತಸ್ನೀಮಳನ್ನು ಕರೆಸಿ ಓಣಿಯ ಎದುರು ಬಾಯಿಬಿಟ್ಟು ಹೇಳಬೇಕು. ಗೋಡೆಯ ಹತ್ತಿರ ಯಾರಾದರೂ ಕೂತಿರುತ್ತಿದ್ದರು, ಬೇಳೆ ಆರಿಸುತ್ತಾ, ಮಗುವಿಗೆ ಎಣ್ಣೆ ಹಚ್ಚುತ್ತಾ. ನನ್ನ ಕೈ ಹಳೆಯ ಅಕ್ಷರದ ಮೇಲೇ ಹರಿಯುತ್ತಿತ್ತು. ಸಂಬಂಧಿಕ ಎಂದು ನನ್ನ ಕೈಯಾರೆ ಹನ್ನೊಂದು ಸಲ ಬರೆದಿದ್ದೇನೆ, ಸಿದ್ರಾಮ. ಮೂರನೆಯ ಸಲ ಹೋದಾಗ ಮಳೆ ಹಸಿಗೆ ಅಕ್ಷರ ಪೂರಾ ಅಳಿಸಿಹೋಗಿತ್ತು, ಬರೀ ಕಲ್ಲು. ಅವತ್ತೂ ಅದನ್ನೇ ಬರೆದೆ.

ಈಗ ಎರಡು ಗಂಟೆ ದಾಟಿದೆ. ಊಟ ಸೇರಲಿಲ್ಲ. ಕಾಗದದ ಮೇಲಾದರೂ ಆ ಮಾತು ಒಂದು ಸಲ ಬರೆದು ನೋಡೋಣ ಎಂದು ಹಿಂದೋಲೆ ಹಿಡಿದು ಕೂತವನು ನಾನು, ಇಷ್ಟುದ್ದ ಬರೆದೆ, ಆ ಮಾತು ಇನ್ನೂ ಬರೆದಿಲ್ಲ. ನಿನ್ನ ಫೋಟೋ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡಿದ್ದೇನೆ. ಹೋಗಿ ಬರುತ್ತೇನೆ. ಬಂದ ಮೇಲೆ ಏನಾಯಿತೆಂದು ಬರೆಯುತ್ತೇನೆ. ಬರೆಯದಿದ್ದರೆ ಏನಾಯಿತೆಂದು ನೀನೇ ತಿಳಿದುಕೋ.

ಬಂದೆ. ಐದು ಗಂಟೆಯಾಗಿದೆ, ಕೈಯೆಲ್ಲ ಕಲ್ಲಿನ ಪುಡಿ, ಅಕ್ಷರ ಸೊಟ್ಟಗಾದರೆ ಸೈರಿಸಿಕೋ. ಗೋಡೆಯ ಹತ್ತಿರ ಎಷ್ಟು ಜನ ಸೇರಿರುತ್ತಾರೋ ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಾ ಹೋದೆ. ಹತ್ತು ಹನ್ನೆರಡು ಮಂದಿ, ಅಷ್ಟೇ. ಕಲ್ಲುಕುಟಿಗ ಮಾಣಿಕ ಉಳಿ ಮಸೆಯುತ್ತಿದ್ದ. ಇಬ್ಬರು ಹೆಂಗಸರು ಕಡಲೆ ಸುಲಿಯುತ್ತಿದ್ದರು. ಮಹಾನಂದಾ ಕಟ್ಟೆಯ ಮೇಲೆ ಕೂತು ಮೊಣಕಾಲು ಒತ್ತಿಕೊಳ್ಳುತ್ತಿದ್ದಳು. ತಸ್ನೀಮ್ ಎದ್ದು ನಿಂತು ಕೇಳಿದಳು, ‘ಘಾಳೆಪ್ಪಣ್ಣಾ, ವೈಜಿನಾಥಣ್ಣ ನಿಮಗ ಏನಾಗಬೇಕು?’ ಕಿಸೆಯಲ್ಲಿದ್ದ ನಿನ್ನ ಫೋಟೋ ಮುಟ್ಟಿಕೊಂಡೆ. ಅವಳು ಮತ್ತೆ ಕೇಳಿದಳು. ಉತ್ತರ ಬಾರದಿದ್ದರೆ ಸುಣ್ಣದಲ್ಲಿ ಇದ್ದದ್ದೇ ಖಾಯಂ. ಕೆತ್ತುವಾಗ ನಂಟಿನ ಮಾತೇ ಮೊದಲು, ಮಾಣಿಕ ಸುಣ್ಣದ ಅಕ್ಷರದ ಮೇಲೆ ಉಳಿ ಇಟ್ಟ, ಸಂಬಂಧಿಕದ ‘ಸ’ದ ಮೇಲೆ. ಅದನ್ನು ಕಂಡು ‘ತಡಿಯೋ!’ ಎಂದು ಚೀರಿದೆ. ‘ಗಂಡ ಆಗಬೇಕು. ನನಗ ಗಂಡ ಆಗಬೇಕು ಅವ.’

ಏನಾಯಿತು ಗೊತ್ತೇ? ಏನೂ ಆಗಲಿಲ್ಲ. ಕಡಲೆ ಸುಲಿಯುವವರು ತಲೆ ಎತ್ತಿ ನೋಡಿ ಮತ್ತೆ ಕಡಲೆ ಸುಲಿದರು. ತಸ್ನೀಮ್ ಒದ್ದೆ ಅರಿವೆಯಿಂದ ಸುಣ್ಣ ಒರೆಸಿ ಹೊಸದಾಗಿ ಬರೆದಳು. ಮಾಣಿಕ, ‘ಮೊದಲೇ ಹೇಳಬಾರದೇನ್ರಿ ಕಾಕಾ, ನಾಕಕ್ಷರದ ಬದಲಿ ಎರಡ ಅಕ್ಷರ, ನನಗೂ ಸಸಾರ’ ಎಂದು ಕೆಲಸ ಶುರುಮಾಡಿದ. ಎರಡು ಅಕ್ಷರ. ಒಂದು ಕೊಡ ನೀರು ತುಂಬುವಷ್ಟು ಹೊತ್ತೂ ಹಿಡಿಯಲಿಲ್ಲ. ಇದಕ್ಕೋಸ್ಕರ ನಲವತ್ತೊಂದು ವರ್ಷ ಗಡಿಗೆ ಎತ್ತಿಟ್ಟೆನೇ, ಇದಕ್ಕೋಸ್ಕರ ಅವನ ರಟ್ಟೆ ಹಿಡಿದು ಎಳೆದೆನೇ ಎಂದು ಅಲ್ಲೇ ಗೋಡೆಗೆ ಒರಗಿ ಕೂತುಬಿಟ್ಟೆ. ಯಾರಾದರೂ ಬೈದಿದ್ದರೆ, ನಕ್ಕಿದ್ದರೆ, ನನ್ನ ಅಂಜಿಕೆಗೆ ಒಂದು ಅರ್ಥವಾದರೂ ಇರುತ್ತಿತ್ತು. ಮಹಾನಂದಾ ಹತ್ತಿರ ಬಂದಳು. ‘ಪ್ರತಿ ತಿಂಗಳು ನೀವು ಸುಣ್ಣ ಬಳದು ಹೋದ ಮ್ಯಾಲ ಬಂದು ನೋಡ್ತಿದ್ದೆ, ಈ ಸಲ ಏನ್ ಬರದಾರ ಅಂತ’ ಎಂದಳು. ‘ಹನ್ನೊಂದು ಸಲ ಬಂದೆ ಮಾವಾ. ನನ್ನ ಮೊಣಕಾಲಿಗಿ ಈ ಮೆಟ್ಟಿಲು ಆಗಾಂಗಿಲ್ಲ.’ ಇಷ್ಟು ವರ್ಷ ಅವಳು ನನ್ನನ್ನು ನಂಟು ಹಿಡಿದು ಏನೂ ಕರೆದಿರಲಿಲ್ಲ, ‘ರೀ’ ಎಂದಷ್ಟೇ ಅನ್ನುತ್ತಿದ್ದಳು. ನಾನು ಕೆಳಗೆ ಬಿದ್ದಿದ್ದ ಕಲ್ಲಿನ ಪುಡಿಯನ್ನು ಕೈಯಿಂದ ಬಳಿದು ಗುಡ್ಡೆ ಮಾಡಿದೆ. ಬೇಳೆ ನೆನೆಯಿಟ್ಟು ಬಂದಿದ್ದೇನೆ ಎಂದು ಅವಳು ಹೊರಟುಹೋದಳು.

ಮನೆಗೆ ಬಂದು ಗಡಿಗೆಗಳನ್ನು ಒಂದೊಂದಾಗಿ ಎತ್ತಿ ಓಣಿಯಲ್ಲಿಟ್ಟೆ. ಅವನು ಹೋದ ಮೇಲೂ, ಯಾರಿಗೆ ಮುಚ್ಚಿಡಬೇಕಾಗಿತ್ತೋ, ದಿನಾ ಬೆಳಗ್ಗೆ ಅವುಗಳ ಸಾಲು ಸರಿಮಾಡುತ್ತಿದ್ದೆ, ಬಾಗಿಲು ಮಾತ್ರ ಮುಟ್ಟಿರಲಿಲ್ಲ. ಒಳಬಾಗಿಲಿಗೆ ಕೈ ಹಚ್ಚಿದೆ, ತೆರೆಯಿತು. ಅವನು ಹೇಳಿದ್ದು ಖರೆ, ಚಿಲಕ ಹಾಕಿರಲಿಲ್ಲ. ಹೊಸ್ತಿಲ ಮೇಲೆ ನಿಂತು, ಒಂದು ವರ್ಷದಿಂದ ನನ್ನ ಹತ್ತಿರ ಉಳಿದುಹೋಗಿದ್ದ ಅವನ ಮಾತನ್ನು ಮುಟ್ಟಿಸಿದೆ. ‘ಬಾಗಿಲ ಹಾಕಿಲ್ಲಂತ. ನಿನಗ ಹೇಳು ಅಂದಾನ’ ಎಂದು ನನಗೆ ನಾನೇ ಹೇಳಿಕೊಂಡೆ, ಜೋರಾಗಿ, ಓಣಿಗೆ ಕೇಳುವ ಹಾಗೆ. ಕೇಳಬೇಕಾದವನಿಗೆ ಕೇಳಲಿಲ್ಲ. ಗೋಡೆ ತಿದ್ದಿದ್ದೇನೆ, ನೀರಿನ ಸಾಲಿನಲ್ಲಿ ಆಡಿದ್ದನ್ನು ತಿದ್ದಲಾಗುವುದಿಲ್ಲ. ಅವನು ಬಾಜೂಮನಿಯವನ ಕೈಯಲ್ಲಿ ತಲೆಯಿಟ್ಟು ಸತ್ತ.

ಸಿದ್ರಾಮ, ನಿನ್ನ ಹತ್ತಿರ ಒಂದೇ ಬೇಡಿಕೆ. ಇದು ನಿನಗೆ ಮುಟ್ಟುವುದಿಲ್ಲ ಎಂದು ಗೊತ್ತಿದ್ದೂ ಕೇಳುತ್ತಿದ್ದೇನೆ. ಮೇಲಿನ ಎಲ್ಲವನ್ನೂ ಮರೆತರೂ ಸರಿ. ನಿನಗೆ ಅಂಜಿಕೊಳ್ಳಲು ನನಗಿಂತ ಹೆಚ್ಚು ಕಾರಣಗಳು ಇದ್ದವು, ನಾನು ಹೀಗೆ ಕೇಳಲು ಯೋಗ್ಯನೂ ಅಲ್ಲ. ಆದರೂ ಆ ಫೋಟೋ ತೆಗೆದುಕೋ, ಹಿಂದೆ ತಿರುಗಿಸು. ‘ಗೆಳೆಯನ ಜೊತೆ’ ಎಂದು ಬರೆದಿದ್ದೀಯಲ್ಲ, ಅದರ ಪಕ್ಕದಲ್ಲಿ ಜಾಗ ಬಹಳ ಇದೆ, ನಾನು ನೋಡಿದ್ದೇನೆ. ಒಂದೇ ಥಾನಿನ ಅಂಗಿ ತೊಟ್ಟು, ಕುರ್ಚಿಯ ತೋಳಿನ ಮೇಲೆ ಕೂತು, ನಗು ತಡೆದುಕೊಂಡಿದ್ದಾನಲ್ಲ, ಅವನ ಹೆಸರು ಬರೆ. ಏನಾಗಬೇಕು ಎಂದು ಬರೆಯಲು ಕೈ ಬಾರದಿದ್ದರೆ ಬಿಡು, ಹೆಸರಾದರೂ ಬರೆ. ವೈಜಿನಾಥ ಸಾಯುವ ತನಕ ಅದನ್ನು ಕೇಳುತ್ತಿದ್ದ.

ನಿನ್ನ ಅಣ್ಣನ ಮರಿಮಗ,
ವೈಜಿನಾಥನ ಗಂಡ,
ಘಾಳೆಪ್ಪ